ಅಡಿಕೆ ಹಾಳೆಯ ಎರಡು ರೆಕ್ಕೆಗಳು

ನನ್ನ ಹೊಟ್ಟೆಕಿಚ್ಚಿನ ಗೆಳೆಯ ರುದ್ರೇಶನಿಗೆ,

ನೀನು ಸತ್ತ ಮೇಲಾದರೂ ನಿನ್ನ ಮೇಲಿನ ಅಸೂಯೆ ಆರೀತು ಅಂದುಕೊಂಡಿದ್ದೆ. ನಿಮ್ಮ ಭದ್ರಾವತಿಯ ಕುಲುಮೆಗಾದರೂ ಆಗಾಗ ಬಿಡುವು ಕೊಡುತ್ತಾರೆ ಮಾರಾಯ, ನನ್ನ ಹೊಟ್ಟೆಗೆ ಅದೂ ಇಲ್ಲ.

ಹೋದ ವರ್ಷ ಗಣಿತದ ಮೇಷ್ಟ್ರು ಕೊಟ್ಟ ಕೆಲಸ ನೆನಪಿದೆಯಾ? ಯುದ್ಧದ ವಿಮಾನಗಳು ಶಿವಮೊಗ್ಗದ ಮೇಲೆ ಹಾರಿಹೋಗುತ್ತಿದ್ದ ದಿನಗಳು. "ಎಂಜಿನ್ ಇಲ್ದೆ, ಒಂದಡಿ ಇಳಿಯೋಷ್ಟರಲ್ಲಿ ಯಾವ ರೆಕ್ಕೆ ಹೆಚ್ಚು ದೂರ ಹೋಗುತ್ತೆ? ಲೆಕ್ಕ ಹಾಕಿ, ಮಾಡಿ, ಹಾರಿಸಿ ತೋರ್ಸಿ. ಗೆದ್ದದ್ದನ್ನ ಕ್ಲಾಸಿನ ತೊಲೆಗೆ ಕಟ್ಟಿಸ್ತೀನಿ" ಅಂದರು. ನಾನು ಹಾಳೆಯ ಮೇಲೆ ಲೆಕ್ಕ ಬರೆದೆ. ನೀನು ಅಡಿಕೆ ಹಾಳೆಯನ್ನೇ ತಂದೆ. ನೋಡಿ ನಾನೂ ತಂದೆ ಅನ್ನು.

ಅಲ್ಲೇ ಕೆಟ್ಟಿತು. ನಮ್ಮಮ್ಮ ಊಟಕ್ಕೆ ಹಾಳೆ ಸಿದ್ಧಮಾಡುವ ಹಾಗೆ ನಾನು ಅದನ್ನು ನೆನೆಸಿ, ಕಲ್ಲಿನಡಿ ಇಟ್ಟು ಚಪ್ಪಟೆ ಮಾಡಿದೆ. ನೀನು ಅದಕ್ಕೆ ಹುಟ್ಟಿನಿಂದಲೇ ಬಂದ ಬಾಗನ್ನು ಹಾಗೇ ಬಿಟ್ಟೆ. "ಏನೋ ಇದು, ಹಾರೋಕೆ ಮಾಡಿದ್ಯೋ, ಉಣ್ಣೋಕೋ?" ಅಂತ ನಕ್ಕೆಯಲ್ಲ! ಕಾಲೇಜಿನ ಮಹಡಿಯಿಂದ ನನ್ನದು ನೆಟ್ಟಗೆ ಹೂವಿನ ಪಾತಿಗೆ ಬಿತ್ತು. ನಿನ್ನದು ಗಾಳಿಯ ಮೇಲೆ ಒರಗಿಕೊಂಡು ಗೇಟಿನವರೆಗೆ ಹೋಯಿತು. ಸಂಜೆ ನಮ್ಮ ಮನೆಗೆ ಊಟಕ್ಕೆ ಬಂದಾಗ ನಮ್ಮಮ್ಮ ಕೂಡ ಎರಡನೇ ಹೋಳಿಗೆಯನ್ನು ಮೊದಲು ನಿನಗೇ ಬಡಿಸಿದಳು. ಗಾಳಿಗೂ ತಾಯಿಗೂ ಒಂದೇ ಪಕ್ಷಪಾತವೇ?

ಬೇಸಿಗೆ ರಜದಲ್ಲಿ ನಿನಗೆ ಜ್ವರ ಅಂದರು. ರೈಲು ಹತ್ತಿ ಭದ್ರಾವತಿ ಓಲ್ಡ್ ಟೌನಿನ ನಿಮ್ಮ ಮನೆಗೆ ಬರುವಷ್ಟರಲ್ಲಿ ನೀನು... ಅದರಲ್ಲೂ ನನಗಿಂತ ಮುಂದೆ.

ಈ ವರ್ಷ ಮೇಷ್ಟ್ರು ಮತ್ತೆ ಅದೇ ಕೆಲಸ ಕೊಟ್ಟಾಗ ನಾನೂ ಬಾಗನ್ನು ಉಳಿಸಿಕೊಂಡೆ. ಅಗಲ ಕಡಿಮೆ ಮಾಡಿ ಉದ್ದ ಹೆಚ್ಚಿಸಿದೆ, ಬಳುಕದಂತೆ ಬಿದಿರುಕಡ್ಡಿ ಕಟ್ಟಿದೆ. ನಿನ್ನೆ ಅದು ಗೇಟು ದಾಟಿ, ರಸ್ತೆಯಲ್ಲಿ ನಿಂತಿದ್ದ ಜಟಕಾದೊಳಗೆ ಇಳಿಯಿತು! ಮೇಷ್ಟ್ರು ಕನ್ನಡಕ ಒರೆಸಿಕೊಂಡು ಏನಂದರು ಗೊತ್ತಾ? "ರುದ್ರೇಶ ನೋಡ್ಬೇಕಿತ್ತು ಕಣಯ್ಯಾ." ನಾನು ಗೆದ್ದ ದಿನವೂ ನಿನ್ನ ಹೆಸರೇ!

ನಿನ್ನದನ್ನು ಇಳಿಸಿ ನನ್ನದನ್ನು ಕಟ್ಟು ಅಂದರು. ವರ್ಷವಿಡೀ ಕಾದಿದ್ದ ಗಳಿಗೆ. ಬೆಂಚು ಹತ್ತಿದೆ. ನಿನ್ನ ದಾರದ ಗಂಟಿಗೆ ಕೈ ಹಾಕಿದೆ, ಆದರೆ... ಪಕ್ಕದಲ್ಲೇ ನನ್ನದನ್ನು ಕಟ್ಟಿ ಇಳಿದುಬಿಟ್ಟೆ.

"ಇವೆರಡ್ರಲ್ಲಿ ಗೆದ್ದಿದ್ದು ಯಾವ್ದ್ರೀ?" ಅಂತ ಈ ಸಲ ಸೇರಿದ ಹುಡುಗರು ಕೇಳಿದರು.

"ನಂದು!" ಅಂತ ಕಾಲೇಜಿಗೆಲ್ಲ ಕೇಳುವಂತೆ ಕೂಗಿದೆ.

ನೀನು ಪಕ್ಕದಲ್ಲಿದ್ದಿದ್ದರೆ ಮೆಲ್ಲಗೆ ಹೇಳಿದ್ದರೂ ಸಾಕಿತ್ತು, ಅಲ್ಲವೇನೋ?