ಪಕ್ಕದ ಸೀಟಿನ ಬ್ರೇಕು

ಭಾನುವಾರ, ಜೂನ್ 8

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ಬರೆಯದೆ ಇದ್ದದ್ದು ಸೋಮಾರಿತನದಿಂದಲ್ಲ. ಗಾಡಿ ಸಿದ್ಧವಾಗುವ ಮೊದಲೇ ಬರೆದರೆ ‘ಆಗುತ್ತಿದೆ, ಆಗುತ್ತಿದೆ’ ಎಂದಷ್ಟೇ ಬರೆಯಬೇಕಾಗುತ್ತಿತ್ತು. ಅದನ್ನು ಓದಿ ನಿನಗೆ ಸಿಟ್ಟು ಬರುವುದು ಬೇಡವೆಂದು ಸುಮ್ಮನಿದ್ದೆ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಮ್ಮನ ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ಕೆಲಸ ಶುರುವಾಗಿರುವುದರಿಂದ ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ನಾನು ಮಾಡಿದ್ದನ್ನು ಅವಳು ಮಾತಾಡದೆ ತಿನ್ನುತ್ತಾಳೆ. ಅದನ್ನು ಹೊಗಳಿಕೆ ಎಂದು ತಿಳಿದುಕೊಂಡಿದ್ದೇನೆ.

ನೀನು ಎರಡು ವಿಷಯ ಕೇಳಿದ್ದೆ. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಹೋಗಿ ದನಗಳಿಗೆ ಚಿಕಿತ್ಸೆ ಕೊಟ್ಟು ಬರಲು ಒಂದು ಸಣ್ಣ ಜೀಪು ನೋಡಿ ಎಂದದ್ದು ಒಂದು. ಆ ಗಾಡಿಯಲ್ಲಾದರೂ ಅಮ್ಮ ನನ್ನ ಜೊತೆ ಬರುತ್ತಾಳಾ ಎಂದು ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದು ಇನ್ನೊಂದು. ನಿನ್ನ ತಮ್ಮ ತೀರಿಹೋದ ಆ ಅಪಘಾತವಾದ ಮೇಲೆ ಅವಳು ನೀನು ಓಡಿಸುವ ಗಾಡಿ ಹತ್ತಿಲ್ಲ. ತಲೆನೋವು ಅಂತಲೋ ಪೆಟ್ರೋಲ್ ವಾಸನೆ ಅಂತಲೋ ಹೇಳಿ ಬಸ್ಸು ಹಿಡಿಯುತ್ತಾಳೆ. ನೀನು ಒಮ್ಮೆಯೂ ಯಾಕೆಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ.

ನಮ್ಮ ಬೀದಿ ತಿರುವಿನ ಮೆಕ್ಯಾನಿಕ್ ನಿನಗೆ ನೆನಪಿರಬೇಕು. ಬಾಯಿ ಮುಚ್ಚುವುದೇ ಇಲ್ಲವೆಂದು ಎಲ್ಲರೂ ಅವನನ್ನು ಮೌನಿ ಅನ್ನುತ್ತಾರಲ್ಲ, ಅವನೇ. ಅವನನ್ನು ಜೊತೆಗೆ ಕರೆದುಕೊಂಡೇ ಗಾಡಿಗಳನ್ನು ನೋಡಿದೆ. ಮೊದಲನೆಯದು ಒಬ್ಬ ಕಂಟ್ರಾಕ್ಟರದು, ಫಳಫಳ ಹೊಳೆಯುತ್ತಿತ್ತು. ಮೌನಿ ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿನ ಕೆಳಭಾಗಕ್ಕೆ ಇಟ್ಟ. ಅದು ಅಂಟದೆ ನೆಲಕ್ಕೆ ಬಿತ್ತು. ತುಕ್ಕು ತಿಂದ ಜಾಗಕ್ಕೆಲ್ಲ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ಇದರಲ್ಲಿ ಗಾಡಿಗಿಂತ ಮೇಕಪ್ಪೇ ಜಾಸ್ತಿ ಎಂದು ಮೌನಿ ಮಾಲೀಕನ ಎದುರಿಗೇ ಹೇಳಿದ. ಎರಡನೆಯದರ ಚಕ್ರವೇ ನನ್ನ ಎದೆಯ ಹತ್ತಿರ ಬರುತ್ತಿತ್ತು. ಮೌನಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ನಿನ್ನ ಎತ್ತರಕ್ಕೆ ಅದರ ಜೊತೆ ಒಂದು ಏಣಿಯನ್ನೂ ಕೊಳ್ಳಬೇಕಾದೀತು ಎಂದು ನಾನೇ ಬೇಡವೆಂದೆ.

ಕೊನೆಗೆ ಒಪ್ಪಿದ್ದು ಟೆಲಿಫೋನ್ ಇಲಾಖೆಯವರು ತಂತಿ ರಿಪೇರಿಗೆ ಓಡಿಸುತ್ತಿದ್ದ ಸಣ್ಣ ಜೀಪು. ಎರಡೇ ಬಾಗಿಲು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ. ಮೈಯೆಲ್ಲ ತಗ್ಗು ಬಿದ್ದಿದೆ, ಆದರೆ ಕೆಳಗಿನ ಚಾಸಿ ಗಟ್ಟಿಯಾಗಿದೆ. ನೀನು ಅದನ್ನು ಇನ್ನಷ್ಟು ಎತ್ತರಿಸಬೇಕು ಎಂದು ಬರೆದಿದ್ದೆ. ಮೌನಿ ಒಪ್ಪಲಿಲ್ಲ. ಎತ್ತರ ಮಾಡಿದಷ್ಟೂ ಇಳಿಜಾರಿನಲ್ಲಿ ಬೇಗ ಮಗುಚುತ್ತದಂತೆ. ಹಾಗಾಗಿ ಕಲ್ಲು ತಾಗದಷ್ಟು ಮಾತ್ರ ಎತ್ತರಿಸಿ, ಎಂಜಿನ್ನಿನ ಅಡಿಗೆ ಒಂದು ಕಬ್ಬಿಣದ ತಗಡು ಕೂರಿಸಿದ್ದಾನೆ. ಟೈರು ಅಗಲವಾದದ್ದು ಬೇಡವೆಂದು ಕಿರಿದಾದ, ಆಳವಾದ ಗೀರುಗಳಿರುವ ಟೈರು ಹಾಕಿದ್ದಾನೆ. ಅದು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದಂತೆ. ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ಹೋಗದಿರಲು ಗಾಳಿ ಎಳೆಯುವ ಕೊಳವೆಯನ್ನು ಮುಂದಿನ ಗಾಜಿನ ಪಕ್ಕದಲ್ಲಿ ಮೇಲಕ್ಕೆ ಒಯ್ದಿದ್ದಾನೆ. ನಿನ್ನ ಸೀಟನ್ನು ಎತ್ತರಿಸಿ ಮುಂದಕ್ಕೆ ತಂದಿದ್ದೇವೆ. ಇನ್ನು ಬೆನ್ನ ಹಿಂದೆ ದಿಂಬು ಇಟ್ಟುಕೊಳ್ಳಬೇಕಾಗಿಲ್ಲ.

ಮೇಲಿನ ಕ್ಯಾನ್ವಾಸ್ ಹೊದಿಕೆ ಪೂರ್ತಿ ನಿಮ್ಮಮ್ಮನದು. ಸೂಜಿ ಮೇಲೆ ಸೂಜಿ ಮುರಿದರೂ ಬೇರೆಯವರ ಕೈಗೆ ಕೊಡಲಿಲ್ಲ. ಹಾಕಿ ನೋಡಿದರೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಮಕ್ಕಳ ಬಟ್ಟೆ ಹೊಲಿದು ಅಭ್ಯಾಸವಾದ ಕೈ, ಸುತ್ತಲೂ ಒಂದು ಗೇಣಿನಷ್ಟು ಬಟ್ಟೆ ಹೆಚ್ಚಿಗೆ ಬಿಟ್ಟು ಒಳಗೆ ಮಡಿಸಿಬಿಟ್ಟಿದ್ದಳು.

“ಅಮ್ಮಾ, ಮುಂದಿನ ವರ್ಷಕ್ಕೆ ಗಾಡಿ ಬೆಳೆಯೋದಿಲ್ಲ,” ಎಂದ ಮೌನಿ.

“ನೀನು ಎತ್ತರಿಸಿದ ಗಾಡಿಯಲ್ಲವಾ, ಬೆಳೆದರೂ ಬೆಳೀತು,” ಎಂದಳು ಇವಳು. ಬಿಚ್ಚಿ ಮತ್ತೆ ಹೊಲಿದಳು.

ಅವಳು ಎರಡನೇ ಸಲ ಹೊದಿಕೆ ತಂದ ದಿನವೇ ನನ್ನ ಪೆದ್ದುತನ ಬಯಲಾದದ್ದು. ಜೀವಮಾನವೆಲ್ಲ ಪಂಪ್‌ಹೌಸಿನಲ್ಲಿ ದುಡಿದವನು ನಾನು. ಯಾವ ತೊಂದರೆಗೂ ಎಲ್ಲೋ ಒಂದು ವಾಲ್ವ್ ಇದ್ದೇ ಇರುತ್ತದೆ ಎಂದು ನಂಬಿದವನು. ಅವಳಿಗೆ ನಿನ್ನ ಗಾಡಿಯಲ್ಲಿ ಕೂರಲು ಹೆದರಿಕೆ, ಹೆದರಿಕೆಗೆ ಔಷಧಿ ಬ್ರೇಕು ಎಂದು ಲೆಕ್ಕ ಹಾಕಿದೆ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಿಗೂ ಒಂದು ಬ್ರೇಕು ಇರುತ್ತದಲ್ಲ, ಅಂಥದ್ದೊಂದನ್ನು ಪಕ್ಕದ ಸೀಟಿನ ಮುಂದೆ ಹಾಕಿಸಿದೆ. ಅವಳಿಗೆ ಹೇಳಿರಲಿಲ್ಲ, ನೋಡಿ ಖುಷಿಪಡಲಿ ಎಂದಿದ್ದೆ.

ಹೊದಿಕೆಯ ಗುಂಡಿ ಹಾಕಲು ಬಗ್ಗಿದವಳಿಗೆ ಅದು ಕಂಡಿತು. ಇದೇನು ಎಂದು ಕೇಳಿದಳು. ನಾನು ಬಾಯಿ ಬಿಡುವ ಮುಂಚೆ ಮೌನಿಯೇ ಹೆಮ್ಮೆಯಿಂದ ಎಲ್ಲ ವಿವರಿಸಿದ. ಅವಳು ಹೊದಿಕೆಯನ್ನು ಕೆಳಗಿಟ್ಟಳು.

“ಅವಳು ಓಡಿಸೋವಾಗ ನಾನು ಪಕ್ಕದಲ್ಲಿ ಕೂತು ಬ್ರೇಕ್ ತುಳೀಬೇಕಾ? ಅವಳ ಮೇಲೆ ನಂಗೆ ನಂಬಿಕೆ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು ರೀ?”

ಮೌನಿ ತನ್ನ ಹೆಸರಿಗೆ ತಕ್ಕ ಹಾಗೆ ನಿಂತಿದ್ದನ್ನು ಅವತ್ತೇ ಮೊದಲು ಕಂಡದ್ದು.

“ಇದನ್ನ ನೋಡಿದ್ರೆ ಅವಳು ಏನಂದ್ಕೋತಾಳೆ? ಬಿಚ್ಚಿಸಿ,” ಎಂದಳು.

ಆಗಲೇ ಬಿಚ್ಚಿಸಿದೆ. ಬೋಲ್ಟು ಕೂರಿಸಿದ್ದ ತೂತುಗಳಿಗೆ ಮೌನಿ ರಬ್ಬರಿನ ಮುಚ್ಚಳ ಹಾಕಿದ್ದಾನೆ. ನೆಲಹಾಸು ಎತ್ತಿದಾಗ ಅವು ನಿನಗೆ ಕಾಣುತ್ತವೆ, ಅದಕ್ಕೇ ನಾನೇ ಹೇಳಿಬಿಟ್ಟೆ. ನಿನ್ನ ಎರಡನೇ ಪ್ರಶ್ನೆಗೆ ಉತ್ತರ ನನಗೆ ಈಗಲೂ ಗೊತ್ತಿಲ್ಲ ಮಗಳೇ.

ಮುಂದಿನ ಶನಿವಾರ ಗಾಡಿಯನ್ನು ನಾನೇ ಓಡಿಸಿಕೊಂಡು ಬರುತ್ತೇನೆ. ನೀನು ಹೋಗುವ ದಾರಿಗಳೆಲ್ಲ ನಿನ್ನನ್ನು ಕ್ಷೇಮವಾಗಿ ಮನೆ ಮುಟ್ಟಿಸಲಿ. ಒದೆಯುವ ದನಗಳು ನಿನ್ನನ್ನು ಬಿಟ್ಟು ಬಕೆಟ್ಟನ್ನು ಒದೆಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಆಮೇಲೆ ಗೊತ್ತಾದದ್ದು. ಕಾಗದ ಮುಗಿಸಿ ಮೇಜಿನ ಮೇಲೆ ಇಟ್ಟಿದ್ದೆ. ನಿಮ್ಮಮ್ಮ ತೆಗೆದು ಓದಿದಳು. ಮಗು ಕೇಳಿದ್ದಕ್ಕೆ ನೀವು ಉತ್ತರವನ್ನೇ ಬರೆದಿಲ್ಲವಲ್ಲ ಎಂದಳು. ಗೊತ್ತಿದ್ದರೆ ತಾನೇ ಬರೆಯುವುದು ಎಂದೆ. ಕೈಯಲ್ಲಿದ್ದ ಕತ್ತರಿಯನ್ನು ಮುಚ್ಚಿ ಪಕ್ಕಕ್ಕಿಟ್ಟು ಹೇಳಿದಳು. ಅವಳ ಮಾತನ್ನು ಹಾಗೇ ಬರೆಯುತ್ತಿದ್ದೇನೆ.

“ಆ ಲಾರಿ ಅಡ್ಡ ಬಂದಿದ್ದಕ್ಕೆ ಗುಬ್ಬಿ ಏನು ಮಾಡ್ತಾಳೆ? ಇವಳ ಮೇಲೆ ನಂಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ಅವನು ಕೂತಿದ್ದು ಪಕ್ಕದ ಸೀಟಲ್ಲಿ. ಇವಳ ಪಕ್ಕ ನಾನು ಕೂತ್ರೆ, ಅವನು ಕೊನೇಲಿ ಏನು ನೋಡಿದ ಅನ್ನೋದು ನಂಗೆ ಕಾಣುತ್ತೆ. ಅದನ್ನ ಹೇಳಿದ್ರೆ ಇವಳಿಗೂ ಕಾಣುತ್ತೆ ಅಂತ ತಲೆನೋವು ಅಂದೆ. ಆದ್ರೆ ಇವಳು ಅಲ್ಲೇ ಇದ್ದಳಲ್ಲ ರೀ. ಇವಳಿಗೆ ದಿನಾ ಕಾಣ್ತಿರುತ್ತೆ.”

ಇಷ್ಟು ಹೇಳಿ ಅವಳು ಅತ್ತಳು. ನಾನೂ ಅತ್ತೆ.

ಬೆಳಿಗ್ಗೆ ಎದ್ದವಳೇ ನನಗಿಂತ ಮುಂಚೆ ಗ್ಯಾರೇಜಿಗೆ ಹೋಗಿದ್ದಾಳೆ. ಓಡಿಸುವವರ ಬೆನ್ನ ಹಿಂದೆ, ಮುಂದಕ್ಕೆ ಮುಖ ಮಾಡಿ ಕೂರುವ ಒಂದು ಸೀಟು ಹಾಕಿಸುತ್ತಿದ್ದಾಳೆ. ಶನಿವಾರ ನಾನು ನಿನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ಅಮ್ಮ ಬರಲಿಲ್ಲ ಎಂದುಕೊಳ್ಳಬೇಡ. ಹಿಂದೆ ಬಂದು ಕ್ಯಾನ್ವಾಸ್ ಎತ್ತು.