ನಲವತ್ತು ಕಂಪ್ಯೂಟರು, ಒಂದು ಕಪಾಟು

ಬನಹಟ್ಟಿ,
ಸೋಮವಾರ, ೧೭ ನವೆಂಬರ್ ೨೦೨೫

ಪ್ರೀತಿಯ ಕಾಂಚನಾ,

ಹೇಗಿದ್ದೀ? ಕೆಮ್ಮು ಇಳಿಯಿತೇ? ಇಳಿದಿದ್ದರೂ ಇನ್ನೊಂದು ವಾರ ಬಿಸಿನೀರು ಬಿಡಬೇಡ. ದಿನವಿಡೀ ಮಕ್ಕಳ ಮುಂದೆ ಕೂಗಿ ಪಾಠ ಹೇಳುವ ಗಂಟಲು ಅದು. ನಮ್ಮ ಮಧುಮತಿ ಮೊನ್ನೆ ಫೋನಿನಲ್ಲಿ ಬಿದ್ದ ಹಲ್ಲಿನ ಜಾಗ ತೋರಿಸಿ ನಕ್ಕಳಲ್ಲ, ಅವ್ವ ಅದನ್ನೇ ಓಣಿಯವರಿಗೆಲ್ಲ ಹೇಳುತ್ತಿದ್ದಾಳೆ. ಅವ್ವ ಆರಾಮಾಗಿದ್ದಾಳೆ. ಹಗಲೆಲ್ಲ ನಮ್ಮಣ್ಣ ರಾಮಣ್ಣನ ಮನೆಯಲ್ಲಿ ಮಗ್ಗದ ಪಕ್ಕ ಕೂತು ಕಂಡಿಕಿಗೆ ನೂಲು ಸುತ್ತುತ್ತಾಳೆ. ಬೇಡ ಎಂದರೆ ಅಣ್ಣನ ಮೇಲೂ ರೇಗುತ್ತಾಳೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಇವತ್ತು ಹನ್ನೊಂದು ಗಂಟೆಗೆ ನನ್ನ ಬಿಡುಗಡೆ ಪತ್ರಕ್ಕೆ ಸಹಿ ಆಯಿತು. ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳು, ಡಿಪ್ಲೊಮಾ ಸರ್ಟಿಫಿಕೇಟು, ಎಲ್ಲ ಕೈಗೆ ಬಂದಿವೆ. ಬುಧವಾರ ಬೆಳಿಗ್ಗೆ ಹೊರಡುತ್ತೇನೆ. ಗುರುವಾರ ಇಪ್ಪತ್ತನೇ ತಾರೀಖು ನಿಮ್ಮೂರ ಪಾಲಿಟೆಕ್ನಿಕ್‌ನಲ್ಲಿ ಹಾಜರಾಗುತ್ತೇನೆ. ಮೂರು ವರ್ಷದ ಮೇಲೆ ನಾವು ಮೂವರೂ ಒಂದೇ ಮನೆಯಲ್ಲಿ ಊಟ ಮಾಡುತ್ತೇವೆ. ಇದು ಹೇಗೆ ಆಯಿತು ಎಂಬುದನ್ನು ಫೋನಿನಲ್ಲಿ ನಿನಗೆ ಪೂರ್ತಿ ಹೇಳಲೇ ಇಲ್ಲ. ನೀನು ಕೇಳಿದಾಗೆಲ್ಲ ಆಗುತ್ತದೆ, ಆಗುತ್ತದೆ ಎಂದೆ.

ಸರ್ಕಾರದ ನೇಮಕಾತಿ ಆದೇಶ ಬಂದ ದಿನವೇ ನಾನು ಜಮಖಂಡಿಯ ನಮ್ಮ ಕಾಲೇಜಿಗೆ ಪೇಢೆ ತೆಗೆದುಕೊಂಡು ಹೋಗಿದ್ದೆ. ನೌಕರಿಗೆ ಸೇರುವಾಗ ಅವರು ಎಲ್ಲರಿಂದಲೂ ಒರಿಜಿನಲ್ ಇಸಿದುಕೊಳ್ಳುತ್ತಾರೆ, ಅದು ನಿನಗೆ ಗೊತ್ತು. ಅಧ್ಯಕ್ಷರಾದ ಈರಪ್ಪ ಸಾಹುಕಾರರ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಕಪಾಟಿದೆ. ಅದರ ಕೀಲಿ ಅವರ ಜೇಬಿನಲ್ಲೇ ಇರುತ್ತದೆ. ಅವರು ಪೇಢೆ ತಿಂದರು, ನನ್ನ ಬೆನ್ನು ಚಪ್ಪರಿಸಿದರು. ಆಮೇಲೆ, “ನಿನ್ನ ಕಾಗದ ಎಲ್ಲಿ ಹೊಕ್ಕಾವ ತಮ್ಮಾ, ನಿಮ್ಮ ಮನ್ಯಾಗ ಇರೂದಕ್ಕಿಂತ ಭದ್ರ ಅದಾವ. ಮೊದಲ ಲ್ಯಾಬಿನ ನಲವತ್ತು ಕಂಪ್ಯೂಟರ್ ನಡಿಸಿ ಕೊಡು, ಆಮ್ಯಾಗ ಒಯ್ಯಿ” ಎಂದರು. ವಕೀಲರನ್ನು ಕೇಳಿದೆ. ಹಾಗೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ, ನೋಟಿಸು ಕೊಡೋಣ ಎಂದರು. ಆದರೆ ನೋಟಿಸಿಗೆ ಉತ್ತರ ಬರುವಷ್ಟರಲ್ಲಿ ಒರಿಜಿನಲ್ ತೋರಿಸಿ ಹಾಜರಾಗಲು ಕೊಟ್ಟ ಕೊನೆಯ ದಿನ, ಇಪ್ಪತ್ತನೇ ತಾರೀಖು, ದಾಟಿಹೋಗುತ್ತಿತ್ತು.

ಆ ನಲವತ್ತು ಕಂಪ್ಯೂಟರು ನೀನು ನೋಡಿದವೇ. ಪರೀಕ್ಷೆಯ ಹೊಸ ಸಾಫ್ಟ್‌ವೇರಿಗೆ ಹೊಸ ವಿಂಡೋಸ್ ಬೇಕು, ಅದನ್ನು ಹೊರುವ ಶಕ್ತಿ ಆ ಹಳೆಯ ಯಂತ್ರಗಳಿಗಿಲ್ಲ. ಗುಂಡಿ ಒತ್ತಿದ ಮೇಲೆ ಪರದೆ ಮೂಡುವುದಕ್ಕೇ ಒಂಬತ್ತು ನಿಮಿಷ. ಉಳಿದದ್ದು ಒಂದೇ ದಾರಿ. ವಿಂಡೋಸ್ ಹಾಕುವಾಗ ಇಡೀ ಸಿಸ್ಟಂ ಒಂದು ದೊಡ್ಡ ಫೈಲಿನಲ್ಲಿ ಅಡಕವಾಗಿ ಬರುತ್ತದೆ, ಅದಕ್ಕೆ ಇಮೇಜ್ ಅನ್ನುತ್ತಾರೆ. ಹಾಕುವ ಮೊದಲೇ ಆ ಫೈಲನ್ನು ಬಿಚ್ಚಿ, ಬೇಡದ್ದನ್ನು ತೆಗೆದು, ಬೇಕಾದ್ದನ್ನು ಸೇರಿಸಿ, ಮತ್ತೆ ಮುಚ್ಚಬೇಕು. ಆಟ, ಹವಾಮಾನ, ಸುದ್ದಿ, ನಕಾಶೆ ತೆಗೆದೆ. ಹಿಂದೆ ಕೂತು ಸುಮ್ಮನೆ ಓಡುವ ಹತ್ತಾರು ಸೇವೆಗಳನ್ನು ನಿಲ್ಲಿಸಿದೆ. ಕನ್ನಡ ಕೀಲಿಮಣೆ, ಪ್ರಿಂಟರಿನ ಡ್ರೈವರ್, ಪರೀಕ್ಷೆಯ ಸಾಫ್ಟ್‌ವೇರ್ ಸೇರಿಸಿದೆ. ಒಂದು ಸಲ ಬಿಚ್ಚಿ ಮುಚ್ಚಿ ಪೆನ್‌ಡ್ರೈವಿಗೆ ಹಾಕಿ ಪರೀಕ್ಷಿಸಲು ಅರ್ಧ ದಿನ ಬೇಕು. ಒಂದು ಸಲ ಪ್ರಿಂಟ್ ಬರಲಿಲ್ಲ. ಇನ್ನೊಂದು ಸಲ ಕನ್ನಡ ಮೂಡುವಲ್ಲಿ ಬರೀ ಚೌಕಗಳು ಮೂಡಿದವು. ಏನು ತೆಗೆದದ್ದಕ್ಕೆ ಏನು ಕೆಟ್ಟಿತು ಎಂದು ಹುಡುಕುವುದೇ ದೊಡ್ಡ ಕೆಲಸ. ಎ.ಸಿ. ಬರುತ್ತದೆಂದು ಲ್ಯಾಬಿನ ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ, ಎ.ಸಿ. ಬಂದಿಲ್ಲ. ಅದರೊಳಗೆ ಕೂತು, ಗೋಡೆಯ ಕ್ಯಾಲೆಂಡರ್ ನೋಡುತ್ತ, ಹನ್ನೊಂದನೇ ಇಮೇಜಿಗೆ ಗೆದ್ದೆ. ಐವತ್ತು ಸೆಕೆಂಡಿಗೆ ಪರದೆ ಮೂಡಿತು. ನಿಜ ಹೇಳುತ್ತೇನೆ, ಅವತ್ತು ಹೆಮ್ಮೆಯಾಯಿತು.

ಸಾಹುಕಾರರು ಬಂದು ನೋಡಿದರು. ಖುಷಿಪಟ್ಟರು. ಆ ಖುಷಿಯೇ ನನಗೆ ಮುಳುವಾಯಿತು. “ನಮ್ಮ ಮುಧೋಳ ಸಾಲ್ಯಾಗ ಇಂಥಾವ ಇಪ್ಪತ್ತು ಬಿದ್ದಾವ, ಬೀಳಗ್ಯಾಗ ಹದಿನೈದು. ಹೊಸಾವ ತಗೊಳ್ಳೂದ ಬ್ಯಾಡಾತು. ನೀ ಹ್ವಾದ್ರ ಇದು ಯಾರಿಗೆ ಬರತೈತಿ?” ಎಂದರು. ಕಪಾಟಿನ ಕಡೆ ನೋಡಲೂ ಇಲ್ಲ. ಅವತ್ತು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಬಸ್ಸಿನಲ್ಲಿ ಕೂತು ಯೋಚಿಸಿದೆ. ಕೆಲಸ ಕೆಟ್ಟಿದ್ದರೆ ಕೆಟ್ಟಿತೆಂದು ಇಟ್ಟುಕೊಳ್ಳುತ್ತಿದ್ದರು, ಛಲೋ ಆದರೆ ಛಲೋ ಆಯಿತೆಂದು ಇಟ್ಟುಕೊಳ್ಳುತ್ತಾರೆ. ಆ ರಾತ್ರಿ ನೀನು ಫೋನ್ ಮಾಡಿದಾಗ ತಲೆನೋವು ಎಂದು ಮಲಗಿದ್ದು ಅದಕ್ಕೇ.

ಗ್ರಂಥಾಲಯದಲ್ಲಿ ಶೇವಂತಿ ಎಂಬ ಹುಡುಗಿ ಇದ್ದಾಳೆ. ಚಿಮ್ಮಡದವಳು, ಬಿ.ಸಿ.ಎ. ಮಾಡಿದ್ದಾಳೆ. ದಿನಗೂಲಿಯ ಮೇಲೆ ಪುಸ್ತಕಗಳ ಹೆಸರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ನಾನು ಲ್ಯಾಬಿನಲ್ಲಿ ಕೂತಿದ್ದಾಗೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮರುದಿನ ಒಳಗೆ ಬಂದು, “ಸರ್, ಇದನ್ನ ನನಗೂ ಒಂದೀಟು ಹೇಳಿಕೊಡ್ರೆಲಾ” ಎಂದಳು. ಆಗಲೇ ನನಗೆ ಹೊಳೆಯಿತು, ಇನ್ನೊಬ್ಬರಿಗೆ ಬಂದರೆ ನನ್ನನ್ನು ಹಿಡಿದಿಡಲು ಕಾರಣ ಉಳಿಯುವುದಿಲ್ಲ ಎಂದು. ನಾಲ್ಕು ಮಧ್ಯಾಹ್ನ ಕೂಡಿಸಿಕೊಂಡು ಕಲಿಸಿದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದು ಹೆಜ್ಜೆಯನ್ನೂ ಕನ್ನಡದಲ್ಲೇ ಬರೆದುಕೊಟ್ಟೆ. ಚುರುಕು ಎಂದರೆ ಎಷ್ಟು ಚುರುಕು ಅಂತೀ. ಮೂರನೇ ದಿನ, “ಸರ್, ಎಲ್ಲಾ ಕಂಪ್ಯೂಟರಿಗೂ ಒಂದ ಹೆಸರು ಐತಲ್ರೀ. ಅದಕ್ಕ ಯಾರೋ ಕಳಿಸಿದ್ದು ಯಾರದೋ ಹೆಸರಿನ್ಯಾಗ ಪ್ರಿಂಟ್ ಆಗಾಕತ್ತೈತಿ” ಎಂದಳು. ಹೌದು, ಇಮೇಜ್ ಮುಚ್ಚುವಾಗ ಹಳೆಯ ಹೆಸರು ಅಳಿಸುವುದನ್ನು ನಾನು ಮರೆತಿದ್ದೆ. ಅದನ್ನು ಅವಳೇ ಸರಿಮಾಡಿದಳು. ಹನ್ನೆರಡನೇ ಇಮೇಜ್ ಅವಳದು.

ಶನಿವಾರ ಬೀಳಗಿಯಿಂದ ಒಂದು ಹಳೆಯ ಕಂಪ್ಯೂಟರ್ ತರಿಸಿ, ಸಾಹುಕಾರರ ಕೋಣೆಯಲ್ಲೇ ಇಟ್ಟು, ಅವಳಿಂದಲೇ ಮಾಡಿಸಿದೆ. ನಾನು ಕೈ ಕಟ್ಟಿ ನಿಂತಿದ್ದೆ. ಯಂತ್ರ ಎದ್ದು ಕನ್ನಡದಲ್ಲಿ ಹೆಸರು ಕೇಳಿತು. ಸಾಹುಕಾರರು ಪರದೆಗೆ ಬಗ್ಗಿ ನೋಡಿ, “ಹುಡುಗಿ ಶ್ಯಾಣ್ಯಾ ಅದಾಳ. ಸೋಮವಾರ ಬಂದು ನಿನ್ನ ಕಾಗದ ಒಯ್ಯಿ” ಎಂದರು. ಇವತ್ತು ಹೋದೆ, ತಂದೆ.

ಬರುವಾಗ ಅಣ್ಣ ಕೊಟ್ಟ ಎರಡು ಸೀರೆ, ಅವ್ವ ರೊಟ್ಟಿಯ ಜೊತೆಗೆಂದು ಕಟ್ಟಿಕೊಟ್ಟ ಶೇಂಗಾ ಹಿಂಡಿ ತರುತ್ತೇನೆ. ಅವ್ವ ಸಂಕ್ರಮಣಕ್ಕೆ ಬರುತ್ತಾಳಂತೆ. ನಿಮ್ಮ ಮನೆಯೊಡತಿ ಯಂಕವ್ವ ಕಾಕೂಗೆ ನಮಸ್ಕಾರ ತಿಳಿಸು. ಮಧುಮತಿಯ ಎರಡೂ ಕೆನ್ನೆಗೆ ಅಪ್ಪನ ಮುತ್ತು. ನಿನ್ನ ಗಂಟಲು ಜೋಪಾನ.

ನಿನ್ನ,
ಸಿದ್ದಾರೂಢ

ತಾ.ಕ. — ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಶನಿವಾರವೇ ಆಫೀಸಿನವರು ಶೇವಂತಿಗೆ, ನೌಕರಿ ಪಕ್ಕಾ ಮಾಡುತ್ತೇವೆ, ಒರಿಜಿನಲ್ ತಂದುಕೊಡು ಎಂದಿದ್ದರು. ಇವತ್ತು ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಪ್ಲಾಸ್ಟಿಕ್ ಚೀಲ ಎದೆಗೆ ಅವಚಿಕೊಂಡು ನನ್ನ ದಾರಿ ಕಾಯುತ್ತಿದ್ದಳು. “ಸರ್, ಕೊಡ್ಲೇನ್ರೀ?” ಎಂದು ಕೇಳಿದಳು. ಆಗ ನನ್ನ ಪತ್ರಕ್ಕೆ ಇನ್ನೂ ಸಹಿ ಆಗಿರಲಿಲ್ಲ. “ಕೊಡು” ಎಂದೆ. ನಾನು ಫೈಲು ಹಿಡಿದು ಹೊರಬರುವಾಗ ಅವಳು ಬರಿಗೈಯಲ್ಲಿ ನಗುತ್ತ ಎದುರಾದಳು. ನೋಟ್‌ಬುಕ್ ತರಿಸಿ, ಅದರ ಕೊನೆಯ ಪುಟದಲ್ಲಿ ವಕೀಲರ ನಂಬರ್ ಬರೆದುಕೊಟ್ಟೆ, ಯಾಕೆಂದು ಹೇಳಲಿಲ್ಲ. ಇದನ್ನು ಅಣ್ಣನಿಗೂ ಹೇಳಿಲ್ಲ. ಈ ಕಾಗದ ಬಹುಶಃ ನಾನು ಅಲ್ಲಿಗೆ ಬಂದು ಮುಟ್ಟಿದ ಮೇಲೆಯೇ ನಿನಗೆ ಮುಟ್ಟುತ್ತದೆ. ಓದಿ ಸುಮ್ಮನಿರಬೇಡ.