ದಾರಿ ಪಕ್ಕದ ಬ್ಯಾಗು

ಮಾರ್ಚ್ 14, ಶನಿವಾರ, ಸಂಜೆ

ನಾಳೆಗೆಂದು ಬ್ರೆಡ್ಡಿಗೆ ಬೆಣ್ಣೆ. ಅತ್ತೆ ಟೊಮ್ಯಾಟೊ ಹೆಚ್ಚಿದರು, ನಾನು ಸವರಿದೆ, ಕರಡಿ ಬಂದು ಒಂದು ಮೂಲೆ ಕಚ್ಚಿಕೊಂಡು ಓಡಿದ. ಮಾವನ ಎದುರು ನನ್ನ ಗಂಡ ‘ಇವರು’, ರೂಮಿನಲ್ಲಿ ಕರಡಿ. ಮದುವೆಯಾಗಿ ಎರಡು ತಿಂಗಳಾಗುತ್ತ ಬಂತು, ಈಗಲೂ ಅವನ ಬೆನ್ನು ಕಂಡರೆ ಸುಮ್ಮಸುಮ್ಮನೆ ನಗು ಬರುತ್ತದೆ. ಹುಚ್ಚಿ ನಾನು.

ನಾಳೆ ಮಾವನ ವಾಕಿಂಗ್ ಗುಂಪಿನ ಜೊತೆ ಬೆಟ್ಟ. ಎಲ್ಲರೂ ಅರವತ್ತು ದಾಟಿದವರು: ಒಬ್ಬ ದಂತವೈದ್ಯರು, ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಆಂಟಿ, ಹೀಗೆ. ಮಾವ ಲೀಡರ್ — ಪಿ.ಟಿ. ಮೇಷ್ಟ್ರಾಗಿ ರಿಟೈರ್ ಆದವರು, ಕೊರಳಿನ ವಿಶಲ್ಲು ಮಾತ್ರ ರಿಟೈರ್ ಆಗಿಲ್ಲ. ಮಗ, ಸೊಸೆ ಹೋಗುತ್ತಿರುವುದು ಇದೇ ಮೊದಲು. ಬೆಟ್ಟದ ತುಂಬ ಹೊಸ ಚಿಗುರಂತೆ. ಎಕ್ಸೈಟ್‌ಮೆಂಟ್ ತಡೆಯಲಾಗದೆ ಶೂಗೆ ಹಳದಿ ಲೇಸ್ ಹಾಕಿದೆ.

ನನಗೆ ‘ಕೊನೆಯವಳ’ ಡ್ಯೂಟಿ. ಎಲ್ಲರಿಗಿಂತ ಹಿಂದೆ ನಡೆಯಬೇಕು, ನನ್ನ ಹಿಂದೆ ಯಾರೂ ಉಳಿಯಬಾರದು. ಅತ್ತೆ ದನಿ ಇಳಿಸಿ ಒಂದು ರೂಲು ಹೇಳಿಕೊಟ್ಟರು.

“ಪೊದೆ ಕಡೆ ಹೋಗ್ಬೇಕು ಅಂತ ಗಂಡಸರ ಮುಂದೆ ಹೇಳೋಕಾಗುತ್ತಾ? ಬ್ಯಾಗ್ ದಾರಿ ಪಕ್ಕ ಇಟ್ಟು ಹೋಗ್ತೀವಿ. ಬ್ಯಾಗ್ ಕಂಡ್ರೆ ಕೊನೆಯವರು ಅಲ್ಲೇ ನಿಲ್ಬೇಕು, ನಾವು ವಾಪಸ್ ಬರೋ ತನಕ. ಯಾಕೆ ಏನು ಅಂತ ಕೇಳೋ ಹಾಗಿಲ್ಲ.”

ಅತ್ತೆಯೇ ಮಾಡಿದ ರೂಲಂತೆ. ಬ್ರಿಲಿಯಂಟ್. ಕರಡಿಗೂ ಹೇಳೋಣ ಎಂದು ಹೋದೆ. ಮ್ಯಾಚ್ ನೋಡುತ್ತಿದ್ದ. “ಆಮೇಲೆ, ಆಮೇಲೆ” ಅಂದ.

ಮಾರ್ಚ್ 15, ಭಾನುವಾರ, ಸಂಜೆ

ಸುಸ್ತಲ್ಲ, ಸಿಟ್ಟು. ಯಾರ ಮೇಲೆ ಎಂದು ಗೊತ್ತಿಲ್ಲ. ನನ್ನ ಮೇಲೇ ಇರಬೇಕು.

ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು… ಎಲೆಗಳೆಲ್ಲ ಎಳೇ ಹಸಿರು, ಬಿಸಿಲು ಬಿದ್ದರೆ ಆಚೆ ಬದಿ ಕಾಣುವಷ್ಟು ತೆಳು. ನಾನೂ ಲೈಬ್ರರಿ ಆಂಟಿಯೂ ಕೊನೆಗೆ. ಆಂಟಿಗೆ ಮಂಡಿನೋವು, ಹತ್ತು ಹೆಜ್ಜೆ ಹಾಕುವುದು, ನಿಲ್ಲುವುದು, ಒಬ್ಬೊಬ್ಬ ಬಂಧುವಿನ ಆಸ್ತಿ ಜಗಳ ಹೇಳುವುದು. ಕರಡಿ ನಮ್ಮ ಮುಂದೆ ಎಲ್ಲೋ, ತಿರುವುಗಳ ಆಚೆ. ದಾರಿಯುದ್ದಕ್ಕೂ ಕಣ್ಣಿಟ್ಟೇ ನಡೆದೆ. ಎಲ್ಲೂ ಬ್ಯಾಗು ಇರಲಿಲ್ಲ. ಒಂದೂ ಇರಲಿಲ್ಲ.

ಮೇಲೆ ತಲುಪಿದರೆ ಎಲ್ಲರೂ ಟೀ ಕುಡಿಯುತ್ತಿದ್ದರು. ಅತ್ತೆಯ ಬ್ಯಾಗಿನಿಂದ ಫ್ಲಾಸ್ಕ್ ತೆಗೆದು ಮಾವನೇ ಬಗ್ಗಿಸಿದ್ದು. ಬ್ರೆಡ್ಡಿನ ಡಬ್ಬಿ ಅರ್ಧ ಖಾಲಿ.

“ಅತ್ತೆ ಎಲ್ಲಿ?” ಅಂದೆ.

“ಬ್ಯಾಗ್ ಇಲ್ಲೇ ಇದೆಯಲ್ಲಮ್ಮ. ಎಲ್ಲೋ ಹೂವು ನೋಡ್ತಾ ನಿಂತಿರ್ತಾಳೆ,” ಅಂದರು ಮಾವ.

ಹುಡುಕಿದೆವು. ಫೋನ್ ಮಾಡಿದರೆ ಬ್ಯಾಗಿನೊಳಗೇ ರಿಂಗಾಯಿತು. ಆಗ ನಾನು ಓಡಿದೆ, ಬಂದ ದಾರಿಯಲ್ಲೇ ಕೆಳಕ್ಕೆ. ಹಿಂದಿನಿಂದ ವಿಶಲ್ಲು, ಮತ್ತೆ ವಿಶಲ್ಲು. ಹಳ್ಳದ ಹತ್ತಿರ ಕಲ್ಲಿನ ಮೇಲೆ ಕೂತಿದ್ದರು ಅತ್ತೆ. ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತ್ತು. ನಾವು ದಾಟಿ ಹೋದ ಮೇಲೆ ಪೊದೆಯಿಂದ ಬಂದು ನೋಡಿದರೆ ಬ್ಯಾಗಿಲ್ಲ. ತಾವೇ ಬೇರೆ ಕಡೆ ಹೊರಬಂದೆವೇನೋ ಎಂದು ಹುಡುಕುತ್ತ ಕೆಳಗಿಳಿದಿದ್ದಾರೆ, ಕಾಲು ಜಾರಿದೆ. ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಮಾವ ಎಲ್ಲರೂ ಬರುವ ತನಕ ಕಾದು ಕೇಳಿದರು. “ಒಂದೇ ಒಂದು ಕೆಲಸ ಕೊಟ್ಟಿದ್ವಿ. ಕಣ್ಣು ಎಲ್ಲಿತ್ತು ನಿಂದು?”

ದಂತವೈದ್ಯರು ನೆಲ ನೋಡಿದರು. ಲೈಬ್ರರಿ ಆಂಟಿ, ನನ್ನ ಪಕ್ಕದಲ್ಲೇ ನಡೆದವರು, ಮಂಡಿ ನೀವಿಕೊಂಡರು. ಕರಡಿ ನನ್ನ ಭುಜದ ಮೇಲೆ ಕೈ ಇಟ್ಟ. ಪಾಪ, ಅವನಿಗೂ ಅಮ್ಮನ ಚಿಂತೆ.

ಆದರೆ ಬ್ಯಾಗು ಮೇಲೆ ಹೇಗೆ ಬಂತು?

ಮಾರ್ಚ್ 17, ಮಂಗಳವಾರ, ಬೆಳಿಗ್ಗೆ

ಅತ್ತೆಯ ಮೂಳೆಯಲ್ಲಿ ಬಿರುಕು. ಪ್ಲಾಸ್ಟರ್.

ಬಿರುಕು ಅಲ್ಲಿ ಮಾತ್ರ ಅಲ್ಲ.

ಶೇವ್ ಮಾಡುತ್ತ ಹೇಳಿದ, ಕನ್ನಡಿಗೆ. “ಒಂದು ವಿಷಯ. ಸಿಟ್ಟಾಗ್ಬೇಡ. ಅಮ್ಮನ ಬ್ಯಾಗ್ ದಾರೀಲಿತ್ತು. ಭಾರ ಆಗಿ ಇಟ್ಟು ಹೋಗಿದಾಳೆ ಅಂದ್ಕೊಂಡು ನಾನೇ ಎತ್ಕೊಂಡು ಬಂದೆ. ಒಳ್ಳೇದಕ್ಕೇ ಮಾಡಿದ್ದು.”

“ಅಪ್ಪ ನನ್ನ ಬೈಯುವಾಗ ಯಾಕೆ ಹೇಳ್ಲಿಲ್ಲ?”

“ಅಪ್ಪ ಗೊತ್ತಲ್ಲ ನಿಂಗೆ. ನಾನು ಅಂದ್ರೆ ಸಾಯೋವರ್ಗೂ ಎತ್ತಿ ಆಡ್ತಾರೆ. ನೀನು ಹೊಸಬಳು, ಎರಡು ದಿನ ಅಂದು ಮರೀತಾರೆ. ಅಡ್ಜಸ್ಟ್ ಮಾಡ್ಕೋ ಚಿನ್ನ.”

ಚಿನ್ನ. ಕಿವಿಯ ಹತ್ತಿರ ನೊರೆ ಅಂಟಿತ್ತು. ಮೊನ್ನೆಯಾಗಿದ್ದರೆ ಒರೆಸುತ್ತಿದ್ದೆ.

ರೂಲು ಗೊತ್ತಿರಲಿಲ್ಲ, ಎತ್ತಿದ. ಅದು ತಪ್ಪೇ ಅಲ್ಲ, ಬಿಡು. ಆದರೆ ಭುಜದ ಮೇಲೆ ಕೈ ಇಟ್ಟನಲ್ಲ. ಗೊತ್ತಿದ್ದೂ ಇಟ್ಟ. ನಾನು ಆ ಕೈಗೆ ಒರಗಿಕೊಂಡೆ. ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ನಾನು ಇವನಿಗೆ ಏನು? ಮಳೆ ಬಂದಾಗ ಬಿಚ್ಚುವ ಕೊಡೆಯಾ?

“ಸಂಜೆಯೊಳಗೆ ಅಪ್ಪನಿಗೆ ನೀನೇ ಹೇಳು,” ಅಂದೆ. “ಹೇಳ್ತೀನಿ ಮಾರಾಯ್ತಿ,” ಅಂದ.

ಕರಡಿ ಅಂತೆ. ಇಲಿ.

ಮಾರ್ಚ್ 18

ಹೇಳಿಲ್ಲ.

ಮಾರ್ಚ್ 21, ಶನಿವಾರ, ಸಂಜೆ

ಗುಂಪು ಅತ್ತೆಯನ್ನು ನೋಡಲು ಬಂದಿತ್ತು. ಹಾಲಿನಲ್ಲಿ ಕುರ್ಚಿ ಸಾಲದೆ ನಮ್ಮ ರೂಮಿನದನ್ನೂ ತಂದು ಹಾಕಿದೆವು. ಇವನು ಬಿಸ್ಕತ್ತಿನ ತಟ್ಟೆ ಹಿಡಿದು ಓಡಾಡಿದ. ಮುಖದ ತುಂಬ ವಿನಯ.

ಮಾವ ಗಂಟಲು ಸರಿಮಾಡಿಕೊಂಡರು. “ಆಗಿದ್ದು ಆಯ್ತು. ಹುಡುಗಿ ಹೊಸಬಳು, ಗೊತ್ತಾಗ್ಲಿಲ್ಲ. ನಾವೆಲ್ಲ ಕ್ಷಮಿಸಿಬಿಡೋಣ. ಇನ್ಮೇಲೆ ಕೊನೆಯವರು ಡಾಕ್ಟರು.”

ಎಲ್ಲರೂ ತಲೆಯಾಡಿಸಿದರು. ಬೈದರೆ ತಡೆದುಕೊಳ್ಳಬಹುದು. ಮಾಡದ ತಪ್ಪಿಗೆ ಕ್ಷಮೆ… ಅದೂ ಬಿಸ್ಕತ್ತಿನ ಜೊತೆ.

ಇವನನ್ನು ನೋಡಿದೆ. ತಟ್ಟೆ ನೋಡುತ್ತಿದ್ದ.

“ನನಗೆ ಕ್ಷಮೆ ಬೇಡ ಮಾವ,” ಅಂದೆ. “ಬ್ಯಾಗ್ ಎತ್ಕೊಂಡು ಬಂದಿದ್ದು ಇವರು. ನಾನು ಅಲ್ಲಿಗೆ ಬರೋ ಹೊತ್ತಿಗೆ ಬ್ಯಾಗ್ ಇರ್ಲಿಲ್ಲ.”

ದಂತವೈದ್ಯರ ಬಿಸ್ಕತ್ತು ಟೀಯೊಳಗೆ ಬಿತ್ತು. ಮಾವ ಮಗನ ಕಡೆ ತಿರುಗಿದರು. “ಹೌದೇನೋ?”

“ನಂಗೆ ಸರಿಯಾಗಿ… ನೆನಪಿಲ್ಲಪ್ಪ.”

ನೆನಪಿಲ್ಲವಂತೆ. ನನ್ನ ಹುಟ್ಟುಹಬ್ಬ, ನನ್ನ ಶೂ ಸೈಜು, ಮೊದಲ ಸಲ ಮಾತಾಡಿದಾಗ ಹಾಕಿಕೊಂಡಿದ್ದ ಓಲೆ, ಎಲ್ಲ ನೆನಪಿದೆ. ಇದು ಮಾತ್ರ ಇಲ್ಲ.

“ನೋಡಮ್ಮ,” ಅಂದರು ಮಾವ, ದನಿ ಗಟ್ಟಿಯಾಗಿತ್ತು, “ಗಂಡನ ತಲೆಗೆ ಕಟ್ಟೋದು—”

“ನೀವು ಸ್ವಲ್ಪ ಸುಮ್ನಿರಿ,” ಅಂದರು ಅತ್ತೆ.

ಅತ್ತೆ ಎಲ್ಲರ ಮುಂದೆ ಮಾವನನ್ನು ಸುಮ್ಮನಿರಿಸಿದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. ವಿಶಲ್ಲು ಊದಿದ ಹಾಗಾಯಿತು.

“ಯಾರು ಎತ್ತಿದ್ರು ಅನ್ನೋದು ಆಮೇಲೆ. ನನ್ನ ಬ್ಯಾಗ್ ಬಿಚ್ಚಿದ್ರಿ, ನನ್ನ ಫ್ಲಾಸ್ಕಿನ ಟೀ ಕುಡಿದ್ರಿ, ನಾನು ಕಟ್ಟಿದ ಬ್ರೆಡ್ ತಿಂದ್ರಿ. ನಾನೆಲ್ಲಿ ಅಂತ ಒಬ್ಬರಾದ್ರೂ ಕೇಳಿದ್ರಾ? ಬ್ಯಾಗ್ ಬಂದ್ರೆ ಸಾಕು, ಅಲ್ವಾ? ನಾನು ಬರದಿದ್ರೂ ನಡಿಯುತ್ತೆ.”

“ಹಾಗಲ್ಲ ಕಣೇ…” ಮಾವ.

“ಮತ್ತೆ ಹೇಗೆ? ಕೊನೆಗೆ ಬಂದೋಳು ಮೊದಲು ಕೇಳಿದ್ದು. ಅವಳನ್ನ ನೀವು ಕ್ಷಮಿಸ್ತೀರಾ?”

ಲೈಬ್ರರಿ ಆಂಟಿ, “ಬ್ಯಾಗ್ ಇರ್ಲಿಲ್ಲ, ನಾನೂ ನೋಡಿದೆ,” ಅಂದರು, ಬಹಳ ಮೆಲ್ಲಗೆ. ಒಂದು ವಾರ ತಡವಾಗಿ.

ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಬಂದ. “ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದೆ.”

“ನಂದು ಹಳ್ಳದ ಹತ್ತಿರಾನೇ ಹೋಯ್ತಲ್ಲ,” ಅಂದೆ. “ಆಗ ನೀನು ಪಕ್ಕದಲ್ಲೇ ಇದ್ದೆ.”

ಸೋಫಾದ ಮೇಲೆ ಅವನ ದಿಂಬು ಎಸೆದೆ. ಹೊದಿಕೆ ಕೊಡಲಿಲ್ಲ.

ಮಾರ್ಚ್ 22, ಭಾನುವಾರ, ಬೆಳಿಗ್ಗೆ, ಮೆಟ್ಟಿಲ ಮೇಲೆ ಕೂತು

ಸಿಟ್ಟು ಇಳಿದಿರುತ್ತದೆ ಎಂದುಕೊಂಡೆ. ಇಳಿದಿಲ್ಲ.

ಅತ್ತೆ ಒಂದೇ ಕೈಯಲ್ಲಿ ಶೂ ಹಿಡಿದು ಬಂದರು. “ಲೇಸ್ ಕಟ್ಟು. ಕೆರೆ ತನಕ ಹೋಗ್ಬರೋಣ. ನಾವಿಬ್ಬರೇ.” ಕಟ್ಟಿದೆ. ಗುಂಪಿನ ನಡಿಗೆಗೆ ಬರುವುದಿಲ್ಲವೆಂದು ಮಾವನಿಗೆ ಬೆಳಿಗ್ಗೆಯೇ ಹೇಳಿದ್ದಾರೆ. ಮಾವ ಪೇಪರು ಹಿಡಿದು ಕೂತಿದ್ದಾರೆ, ಪುಟ ತಿರುಗುತ್ತಿಲ್ಲ.

ಇವನು ಬಾಗಿಲಿಗೆ ಬಂದ. ಸೋಫಾದ ಗೆರೆಗಳು ಕೆನ್ನೆಯ ಮೇಲೆ.

“ನಾನೂ ಬರ್ಲಾಮ್ಮ?”

“ನನ್ನನ್ನೇನು ಕೇಳ್ತೀಯ. ಅವಳನ್ನ ಕೇಳು.”

ನನ್ನ ಕಡೆ ನೋಡಿದ. ಅದೇ ಮುಖ, ಅದೇ ಕಣ್ಣು, ನಾನು ಹುಚ್ಚಾಗಿದ್ದೆನಲ್ಲ ಅದೇ. ಕಷ್ಟ. “ನೆನಪು ಬಂತಾ?” ಅಂದೆ.

ತುಟಿ ಕಚ್ಚಿಕೊಂಡ. ಒಳಗೆ ಹೋದ. ಈಗ ಮಾವನ ಕುರ್ಚಿಯ ಮುಂದೆ ನಿಂತಿದ್ದಾನೆ, ಕಿಟಕಿಯಿಂದ ಬೆನ್ನು ಕಾಣುತ್ತಿದೆ. “ಏನೋ?” ಅಂದರು ಮಾವ. “ಅಪ್ಪ…” ಅಂದ. ಅಷ್ಟೇ. ನಿಂತೇ ಇದ್ದಾನೆ.

ಅತ್ತೆ ಗೇಟು ತೆಗೆದು ಕರೆಯುತ್ತಿದ್ದಾರೆ. ಹೇಳಿದರೂ ಎಲ್ಲ ಮೊದಲಿನ ಹಾಗೆ ಆಗುವುದಿಲ್ಲ. ಹೇಳದಿದ್ದರೆ ನಾನು… ಅತ್ತೆ ಮತ್ತೆ ಕರೆದರು, ಬಂದು ಬರೆಯುತ್ತೇನೆ.